ಅಲೆಮಾರಿ ಭ್ರೂಣದ ಕವಚ

ಸ್ಪರ್ಧೆಗೆ ಹೋಗುವ ಹೆಣ್ಣುಕುದುರೆ ಬೆದೆಗೆ ಬಂದರೆ ಸವಾರನ ಪಾಡು ಬೇಡ. ಹೇಳಿದ ಮಾತು ಕೇಳುವುದಿಲ್ಲ, ಓಟದ ಮೇಲೆ ಗಮನವಿಲ್ಲ, ಪಕ್ಕದ ಲಾಯದ ಕಡೆಗೇ ಕಿವಿ. ಈ ತಾಪತ್ರಯಕ್ಕೆ ಪಶುವೈದ್ಯರು ಕಂಡುಕೊಂಡ ಉಪಾಯಗಳಲ್ಲಿ ಒಂದು ಬಲು ವಿಚಿತ್ರ. ಬೆದೆ ಮುಗಿಯುತ್ತಿದ್ದಂತೆ ಕುದುರೆಯ ಗರ್ಭಕೋಶದೊಳಗೆ 35 ಮಿಲಿಮೀಟರ್ ಅಗಲದ ಗಾಜಿನ ಗೋಲಿಯೊಂದನ್ನು ಇಟ್ಟುಬಿಡುವುದು! 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹೀಗೆ ಗೋಲಿ ಹೊತ್ತ ಕುದುರೆಗಳ ಪೈಕಿ ಶೇ 40ರಷ್ಟು ಸುಮಾರು ಮೂರು ತಿಂಗಳು ಮತ್ತೆ ಬೆದೆಗೆ ಬರಲೇ ಇಲ್ಲ. ತಾವು ಗಬ್ಬವಾಗಿದ್ದೇವೆ ಎಂದೇ ಅವುಗಳ ಮೈ ನಂಬಿಬಿಟ್ಟಿತ್ತು.

ಗೋಲಿ ಒಳಗೇ ಒಡೆದ ಪ್ರಸಂಗಗಳು, ವರ್ಷಗಟ್ಟಲೆ ಮರೆತು ಉಳಿದ ಗೋಲಿಗಳಿಂದಾದ ಹಾನಿ ಬೆಳಕಿಗೆ ಬಂದ ಮೇಲೆ ಈಗ ಬಲ್ಲ ವೈದ್ಯರು ಇದನ್ನು ಬೇಡ ಎನ್ನುತ್ತಾರೆ. ಬೇಡ ಎನ್ನುವುದೇ ಸರಿ. ಆದರೆ ಈ ಕೆಟ್ಟ ಉಪಾಯದ ಹಿಂದೆ ಒಳ್ಳೆಯ ಪ್ರಶ್ನೆಯೊಂದಿದೆ. ಗಾಜಿನ ಗೋಲಿಯನ್ನು ಮಗು ಎಂದು ನಂಬಲು ಗರ್ಭಕೋಶಕ್ಕೆ ಏನು ಕಾರಣ?

ಉತ್ತರದ ಒಂದು ಭಾಗ ಆ ಗೋಲಿಯ ಆಕಾರದಲ್ಲೇ ಇದೆ. ಎರಡು ವಾರದ ಕುದುರೆ ಭ್ರೂಣ ನಿಜಕ್ಕೂ ಗೋಲಿಯ ಹಾಗೇ ಇರುತ್ತದೆ. ದುಂಡಗೆ, ಬಿಗಿಯಾಗಿ, ಎಲ್ಲಿಗೂ ಅಂಟಿಕೊಳ್ಳದೆ, ಗರ್ಭಕೋಶದ ತುಂಬ ಉರುಳಾಡಿಕೊಂಡು. ಹಸು, ಕುರಿ, ಹಂದಿ ಯಾವುದರ ಭ್ರೂಣವೂ ಆ ವಯಸ್ಸಿನಲ್ಲಿ ಹೀಗಿರುವುದಿಲ್ಲ. ಕುದುರೆ, ಕತ್ತೆ, ಜೀಬ್ರಾಗಳ ಕುಲಕ್ಕೆ ಒದಗಿರುವ ಈ ದುಂಡುತನಕ್ಕೆ ಕಾರಣ ಕೂದಲೆಳೆಗಿಂತ ಎಷ್ಟೋ ತೆಳುವಾದ ಒಂದು ಪದರ. ಭ್ರೂಣ ತನ್ನ ಸುತ್ತ ತಾನೇ ಕಟ್ಟಿಕೊಳ್ಳುವ ಪದರ ಅದು. ವಿಜ್ಞಾನಿಗಳು ಅದನ್ನು ಸರಳವಾಗಿ ಕ್ಯಾಪ್ಸೂಲ್ ಎನ್ನುತ್ತಾರೆ. ನಾವು ಕವಚ ಎನ್ನೋಣ.

ಕವಚಕ್ಕೂ ಮೊದಲು ಇನ್ನೊಂದು ಹೊದಿಕೆ ಇದೆ, ಅದು ತಾಯಿಯ ಕೊಡುಗೆ. ಅಂಡಾಶಯದಿಂದ ಹೊರಬರುವ ಅಂಡಾಣು ಬರಿಮೈಯಲ್ಲಿ ಬರುವುದಿಲ್ಲ. ಝೋನಾ ಪೆಲ್ಲುಸಿಡಾ ಎಂಬ ಪಾರದರ್ಶಕ ಚಿಪ್ಪು ಅದನ್ನು ಸುತ್ತುವರಿದಿರುತ್ತದೆ. ಮನುಷ್ಯರಲ್ಲೂ ಇದು ಉಂಟು, ಇಲಿಯಲ್ಲೂ ಉಂಟು. ಸಕ್ಕರೆಯ ಎಳೆಗಳು ಹೆಣೆದುಕೊಂಡ ಪ್ರೋಟೀನುಗಳಿಂದ ಆದದ್ದು. ವೀರ್ಯಾಣು ಮೊದಲು ಬಂದು ಅಂಟುವುದು ಇದಕ್ಕೇ. ಒಂದು ವೀರ್ಯಾಣು ಒಳಹೊಕ್ಕ ಮೇಲೆ ಇನ್ನೊಂದಕ್ಕೆ ಬಾಗಿಲು ಮುಚ್ಚುವುದೂ ಇದೇ. ಒಂದು ಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುವಾಗ ಚೆದುರಿಹೋಗದಂತೆ ಹಿಡಿದಿಟ್ಟುಕೊಳ್ಳುವ ಕೆಲಸವನ್ನೂ ಇದೇ ಮಾಡುತ್ತದೆ. ಚಿಪ್ಪು ಸೇರಿ ಇಡೀ ಅಂಡಾಣುವಿನ ಅಗಲ ಸುಮಾರು 0.15 ಮಿಲಿಮೀಟರ್.

ಮೊದಲ ಐದೂವರೆ, ಆರು ದಿನ ಭ್ರೂಣ ಅಂಡನಾಳದಲ್ಲೇ ತಂಗುತ್ತದೆ. ಈ ತಂಗುವಿಕೆಗೆ ಅರ್ಥವಿದೆ. ಗಂಡುಕುದುರೆಯ ವೀರ್ಯ ನೇರವಾಗಿ ಗರ್ಭಕೋಶದೊಳಕ್ಕೇ ಬೀಳುತ್ತದೆ, ಜೊತೆಗೆ ಧೂಳು, ಬ್ಯಾಕ್ಟೀರಿಯಾ ಎಲ್ಲವೂ. ಗರ್ಭಕೋಶ ಕೆಂಪಾಗಿ ಊದಿ, ಬಿಳಿರಕ್ತಕಣಗಳನ್ನು ಕರೆಸಿ, ಅದನ್ನೆಲ್ಲ ತೊಳೆದು ಹಾಕಬೇಕು. ಆರೋಗ್ಯವಂತ ಕುದುರೆಯಲ್ಲಿ ಇದು ಒಂದೆರಡು ದಿನದ ಕೆಲಸ. ಮನೆ ಶುದ್ಧವಾಗುವ ತನಕ ಬರಬೇಕಾದವರು ಹೊರಗೇ ನಿಲ್ಲುವುದು ಒಳಿತಲ್ಲವೇ?

ಅಂಡನಾಳದಿಂದ ಇಳಿಯುವ ಬಗೆಯೂ ಕುದುರೆಯಲ್ಲಿ ಬೇರೆ. ಗರ್ಭ ಕಟ್ಟದ ಅಂಡಾಣು ಇಳಿಯುವುದೇ ಇಲ್ಲ. ಅದು ಅಲ್ಲೇ ಉಳಿದು, ತಿಂಗಳುಗಟ್ಟಲೆ ಕಾಲದಲ್ಲಿ ಸವೆದು ಹೋಗುತ್ತದೆ. ಜೀವವಿರುವ ಭ್ರೂಣಕ್ಕೆ ಮಾತ್ರ ದಾರಿ ಬಿಡುವುದು ಹೇಗೆ ಎಂಬುದು ಬಹಳ ಕಾಲ ಒಗಟಾಗಿತ್ತು. 1990ರ ದಶಕದ ಆರಂಭದಲ್ಲಿ ಅದು ಬಿಡಿಸಿಕೊಂಡಿತು. ಐದನೆಯ ದಿನದ ಸುಮಾರಿಗೆ ಭ್ರೂಣ ಪ್ರೊಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕವನ್ನು ಸ್ರವಿಸುತ್ತದೆ, ಅಂಡನಾಳದ ಬಿಗಿ ಸ್ನಾಯು ಸಡಿಲಗೊಳ್ಳುತ್ತದೆ, ಭ್ರೂಣ ಜಾರಿ ಗರ್ಭಕೋಶ ಸೇರುತ್ತದೆ. ಇನ್ನೂ ಹೃದಯವಿಲ್ಲ, ನರವಿಲ್ಲ, ಬೆನ್ನಿಲ್ಲ. ಆದರೂ ಬಾಗಿಲು ತೆಗೆಸುವ ಜಾಣತನ ಬಂದಾಗಿದೆ.

ಗರ್ಭಕೋಶಕ್ಕೆ ಬಂದಿಳಿದ ಹೊತ್ತಿಗೆ ಸರಿಯಾಗಿ ಕವಚದ ಕೆಲಸ ಶುರುವಾಗುತ್ತದೆ. ಭ್ರೂಣದ ಹೊರಮೈ ಕೋಶಗಳಿಗೆ ಟ್ರೋಫೊಬ್ಲಾಸ್ಟ್ ಎಂದು ಹೆಸರು, ಮುಂದೆ ಮಾಸುವಾಗುವುದು ಇವೇ. ಆರೂವರೆ ದಿನದ ಸುಮಾರಿಗೆ ಈ ಕೋಶಗಳು ಲೋಳೆಯಂಥ ವಸ್ತುವನ್ನು ಹೊರಹಾಕತೊಡಗುತ್ತವೆ. ಅದು ತಮಗೂ ಹಳೆಯ ಝೋನಾ ಚಿಪ್ಪಿಗೂ ನಡುವಿನ ಕಿರಿದಾದ ಸಂದಿಯಲ್ಲಿ ಹರಡಿ, ಒಂದಾಗಿ ಕೂಡಿಕೊಂಡು, ಗಟ್ಟಿಯಾಗುತ್ತದೆ. ಒಂದೆರಡು ದಿನದಲ್ಲಿ ಮೇಲಿನ ಝೋನಾ ತೆಳುವಾಗಿ ಕಳಚಿಬೀಳುತ್ತದೆ. ಹಸುವಿನ ಭ್ರೂಣವಾದರೆ ಝೋನಾ ಒಡೆದು ಬರಿಮೈಯಲ್ಲಿ ಹೊರಬರುತ್ತದೆ, ಮನುಷ್ಯನದೂ ಹಾಗೆಯೇ. ಕುದುರೆಯದು ಹಳೆಯ ಅಂಗಿ ಕಳಚುವ ಮೊದಲೇ ಒಳಗೊಂದು ಹೊಸ ಅಂಗಿ ತೊಟ್ಟಿರುತ್ತದೆ.

ಲೋಳೆಯಂಥ ವಸ್ತು ಎಂದೆ. ನಮ್ಮ ಮೂಗಿನಲ್ಲಿ, ಕರುಳಿನಲ್ಲಿ ಇರುವ ಮ್ಯೂಸಿನ್‌ಗಳ ಜಾತಿಗೇ ಸೇರಿದ್ದು ಇದು. ಪ್ರೋಟೀನಿನ ದಾರಕ್ಕೆ ಸಕ್ಕರೆಯ ಗೊಂಚಲುಗಳು ದಟ್ಟವಾಗಿ ಜೋತುಬಿದ್ದಿರುತ್ತವೆ, ಅವುಗಳ ತುದಿಯಲ್ಲಿ ಸಿಯಾಲಿಕ್ ಆಮ್ಲ ಎಂಬ ಋಣ ವಿದ್ಯುದಂಶದ ಅಣುಗಳು. ಮೂಗಿನ ಲೋಳೆಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇದು ಕರಗುವುದಿಲ್ಲ. ಕೆಲವೇ ಮೈಕ್ರಾನ್ ದಪ್ಪವಿದ್ದರೂ ಹಿಗ್ಗಿ ಕುಗ್ಗುವ, ಒತ್ತಿದರೆ ಮತ್ತೆ ದುಂಡಗಾಗುವ ಗಟ್ಟಿತನ ಇದರದು. ಇದರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಕೆನಡಾದ ಗ್ವೆಲ್ಫ್‌ನ ಕೀತ್ ಬೆಟರಿಜ್ ಮತ್ತು ಅವರ ಸಂಗಡಿಗರದು. 1982ರಲ್ಲಿ ಅವರು 22 ದಿನದವರೆಗಿನ ಕುದುರೆ ಭ್ರೂಣಗಳನ್ನು ತಾಜಾ ಆಗಿ ಹೊರತೆಗೆದು, ದಿನದಿನದ ಬದಲಾವಣೆಯನ್ನು ಬರೆದಿಟ್ಟರು. ಅದೇ ವರ್ಷ ಅದೇ ತಂಡದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳೂ ಬಂದವು. ಕುದುರೆ ಭ್ರೂಣದ ಬಗ್ಗೆ ಇಂದಿಗೂ ಯಾರು ಏನು ಬರೆದರೂ ಆ ಪ್ರಬಂಧಗಳ ಋಣ ತಪ್ಪಿದ್ದಲ್ಲ.

ಈ ಕವಚ ಎಷ್ಟು ಬೆಳೆಯಬೇಕು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಏಳನೆಯ ದಿನ ಭ್ರೂಣದ ಅಗಲ ಸುಮಾರು 0.2 ಮಿಲಿಮೀಟರ್. ಹದಿನಾರನೆಯ ದಿನ ಸುಮಾರು 25 ಮಿಲಿಮೀಟರ್, ಅಂದರೆ ಒಂದು ನೆಲ್ಲಿಕಾಯಿಯಷ್ಟು. ಒಂಬತ್ತು ದಿನದಲ್ಲಿ ಅಗಲ 125 ಪಟ್ಟು. ಮೇಲ್ಮೈ ಆ ಸಂಖ್ಯೆಯ ವರ್ಗದಷ್ಟು ಹೆಚ್ಚಬೇಕು, ಹಾಗಾಗಿ 15,000 ಪಟ್ಟಿಗೂ ಮೇಲೆ. ಒಮ್ಮೆ ಹೊಲಿದು ಬಿಟ್ಟ ಅಂಗಿ ಎಷ್ಟು ಎಳೆದರೂ ಇಷ್ಟು ಹಿಗ್ಗಲಾರದು. ಒಳಗೆ ದ್ರವ ತುಂಬಿಕೊಳ್ಳುತ್ತ ಹೋದಂತೆ ಹೊರಗೆ ಹೊಸ ವಸ್ತು ಸೇರುತ್ತಲೇ ಇರಬೇಕು, ಎಲ್ಲಿಯೂ ಬಿರುಕು ಬಿಡಬಾರದು, ಎಲ್ಲಿಯೂ ಬಿಗಿ ತಪ್ಪಬಾರದು.

ಇಷ್ಟು ಕಷ್ಟಪಟ್ಟು ದುಂಡಗೇ ಉಳಿಯುವುದು ಯಾಕೆ? ಇಲ್ಲಿಗೆ ಬಂದಾಗ ಕಥೆಗೆ ನಿಜವಾದ ರುಚಿ ಬರುತ್ತದೆ.

ಗರ್ಭಕೋಶಕ್ಕೆ ಒಂದು ಕ್ಯಾಲೆಂಡರ್ ಇದೆ. ಅಂಡಾಣು ಹೊರಬಿದ್ದ ಜಾಗದಲ್ಲಿ ಕಾರ್ಪಸ್ ಲೂಟಿಯಂ ಎಂಬ ಗ್ರಂಥಿ ಬೆಳೆದು, ಗರ್ಭ ಉಳಿಸುವ ಪ್ರೊಜೆಸ್ಟರಾನ್ ಹಾರ್ಮೋನನ್ನು ಕೊಡುತ್ತಿರುತ್ತದೆ. ಗರ್ಭವಿಲ್ಲ ಎಂದಾದರೆ 14, 15ನೇ ದಿನದ ಹೊತ್ತಿಗೆ ಗರ್ಭಕೋಶದ ಒಳಪದರ ಪ್ರೊಸ್ಟಗ್ಲಾಂಡಿನ್ ಎಫ್2 ಆಲ್ಫಾವನ್ನು ಬಿಡುಗಡೆ ಮಾಡಿ ಆ ಗ್ರಂಥಿಯನ್ನು ನಾಶಮಾಡುತ್ತದೆ. ಹಾರ್ಮೋನು ನಿಲ್ಲುತ್ತದೆ, ಕುದುರೆ ಮತ್ತೆ ಬೆದೆಗೆ ಬರುತ್ತದೆ. ಗರ್ಭವಿದ್ದರೆ ‘ನಾನಿದ್ದೇನೆ’ ಎಂಬ ಸುದ್ದಿ ಆ ದಿನಕ್ಕೆ ಮೊದಲೇ ತಾಯಿಗೆ ಮುಟ್ಟಬೇಕು.

ಹಸುವಿನ ಭ್ರೂಣ ಈ ಸುದ್ದಿಯನ್ನು ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನಿನ ಮೂಲಕ ಕಳಿಸುತ್ತದೆ. ಹಂದಿಯ ಭ್ರೂಣಗಳು ಈಸ್ಟ್ರೊಜನ್ ಬಿಡುತ್ತವೆ. ಎರಡೂ ಪ್ರಾಣಿಗಳಲ್ಲಿ ಝೋನಾ ಕಳಚಿದ ಭ್ರೂಣ ನೂಲಿನ ಹಾಗೆ ಉದ್ದವಾಗಿ ಚಾಚಿಕೊಳ್ಳುತ್ತದೆ. ಹಂದಿಯದು ಕೆಲವೇ ದಿನಗಳಲ್ಲಿ ಒಂದು ಮೀಟರ್‌ವರೆಗೂ ಬೆಳೆಯಬಲ್ಲದು. ಉದ್ದಕ್ಕೆ ಮಲಗಿಕೊಂಡರೆ ಗರ್ಭಕೋಶದ ಹೆಚ್ಚು ಭಾಗಕ್ಕೆ ಸುದ್ದಿ ಒಮ್ಮೆಗೇ ಮುಟ್ಟುತ್ತದೆ. ಕವಚದೊಳಗೆ ಕೂತ ಕುದುರೆ ಭ್ರೂಣಕ್ಕೆ ಉದ್ದವಾಗುವ ದಾರಿಯೇ ಇಲ್ಲ. ಅದು ಮನೆಮನೆಗೂ ತಾನೇ ಹೋಗಬೇಕು.

ಹೋಗುತ್ತದೆ ಕೂಡ. 1980ರಲ್ಲಿ ಫ್ರಾನ್ಸಿನ ಪಾಮರ್ ಮತ್ತು ಡ್ರಿಯಾಂಕೂರ್ ಕುದುರೆಯ ಗರ್ಭಕೋಶವನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುವ ಬಗೆಯನ್ನು ತೋರಿಸಿಕೊಟ್ಟರು. ಅದು ಕೈಗೆ ಬಂದ ಮೇಲೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಒ. ಜೆ. ಗಿಂಥರ್ ಒಂದು ಸರಳ ಕೆಲಸ ಮಾಡಿದರು. ಭ್ರೂಣ ಕಂಡಿತು ಎಂದು ಸ್ಕ್ಯಾನ್ ನಿಲ್ಲಿಸದೆ ಮತ್ತೆ ಮತ್ತೆ ನೋಡಿದರು. ಐದೈದು ನಿಮಿಷಕ್ಕೊಮ್ಮೆ, ಗಂಟೆಗಟ್ಟಲೆ. ಕಪ್ಪು ಬಣ್ಣದ ಆ ದುಂಡು ಗುಳ್ಳೆ ಪ್ರತಿ ಸಲ ಬೇರೆ ಕಡೆ! ಕುದುರೆಯ ಗರ್ಭಕೋಶಕ್ಕೆ ಎಡಬಲ ಎರಡು ಕೊಂಬುಗಳು, ನಡುವೆ ಒಡಲು. ಭ್ರೂಣ ಎಡಗೊಂಬಿನ ತುದಿಗೆ ಹೋಗುತ್ತದೆ, ಒಡಲಿಗೆ ಇಳಿಯುತ್ತದೆ, ಬಲಗೊಂಬಿಗೆ ಏರುತ್ತದೆ, ದಿನಕ್ಕೆ ಹತ್ತಿಪ್ಪತ್ತು ಸಲ. ಅಲೆದಾಟದ ಭರ 11ರಿಂದ 14ನೇ ದಿನದವರೆಗೆ. ಭ್ರೂಣಕ್ಕೆ ಕಾಲಿಲ್ಲ, ಈಜಲು ಬಾರದು. ಗರ್ಭಕೋಶವೇ ಸಂಕೋಚಿಸುತ್ತ ಅದನ್ನು ತಳ್ಳಾಡುತ್ತದೆ. ಕ್ಲೆನ್‌ಬ್ಯುಟೆರಾಲ್ ಕೊಟ್ಟು ಸ್ನಾಯುವನ್ನು ಸಡಿಲಗೊಳಿಸಿದರೆ ಭ್ರೂಣ ಇದ್ದಲ್ಲೇ ಉಳಿದುಬಿಡುತ್ತದೆ.

ಈಗ ಕವಚದ ಗಟ್ಟಿತನಕ್ಕೆ ಅರ್ಥ ಬಂತು. ದಿನವಿಡೀ ಹಿಂಡುವ, ತಳ್ಳುವ, ಉರುಳಿಸುವ ಸ್ನಾಯುಗಳ ನಡುವೆ, ಒಂದೆರಡು ಪದರ ಕೋಶಗಳಿಂದಾದ ದ್ರವದ ಗುಳ್ಳೆ ಬರಿಮೈಯಲ್ಲಿ ಎಷ್ಟು ಹೊತ್ತು ಬಾಳೀತು?

ಅಲೆದಾಟ ಬರೀ ಆಟವಲ್ಲ ಎಂಬುದನ್ನು ಫ್ಲಾರಿಡಾದ ಸಂಶೋಧಕರು 1988ರಲ್ಲಿ ತೋರಿಸಿದರು. ಗರ್ಭಕೋಶದ ಒಂದು ಕೊಂಬನ್ನು ಕಟ್ಟಿ, ಭ್ರೂಣ ಅದೊಂದರಲ್ಲೇ ಉಳಿಯುವಂತೆ ಮಾಡಿದಾಗ ಗರ್ಭ ಉಳಿಯಲಿಲ್ಲ. ಭ್ರೂಣ ಚೆನ್ನಾಗಿಯೇ ಇತ್ತು, ಸುದ್ದಿ ಮಾತ್ರ ಇಡೀ ಗರ್ಭಕೋಶಕ್ಕೆ ಮುಟ್ಟಲಿಲ್ಲ. ಇದರ ಹಿಂದೆ ಕುದುರೆಯ ರಕ್ತನಾಳಗಳ ಜೋಡಣೆಯ ಒಂದು ಸಂಗತಿಯಿದೆ. ಹಸುವಿನಲ್ಲಿ ಒಂದು ಕಡೆಯ ಗರ್ಭಕೊಂಬಿನ ಪ್ರೊಸ್ಟಗ್ಲಾಂಡಿನ್ ನೆರೆಯ ರಕ್ತನಾಳದ ಮೂಲಕ ಅದೇ ಕಡೆಯ ಅಂಡಾಶಯಕ್ಕೆ ಹೋಗುತ್ತದೆ, ಆದ್ದರಿಂದ ಆ ಒಂದು ಕಡೆಯನ್ನು ಒಪ್ಪಿಸಿದರೆ ಸಾಕು. ಕುದುರೆಯಲ್ಲಿ ಅದು ಇಡೀ ಮೈಯ ರಕ್ತದಲ್ಲಿ ಬೆರೆತು ಅಂಡಾಶಯ ಸೇರುತ್ತದೆ. ಯಾವ ಮೂಲೆಯಿಂದ ಬಂದರೂ ಅಪಾಯವೇ. ಎಲ್ಲ ಮೂಲೆಗಳನ್ನೂ ಸುಮ್ಮನಾಗಿಸಬೇಕು.

ಹಾಗಾದರೆ ಸುತ್ತಾಡುತ್ತ ಭ್ರೂಣ ಹೇಳುವ ಸುದ್ದಿ ಯಾವ ಭಾಷೆಯಲ್ಲಿದೆ? ಇದು ಪಶು ಸಂತಾನಶಾಸ್ತ್ರದ ಹಳೆಯ ಗಾಯ ಎಂದೇ ಹೇಳಬೇಕು. ದನ, ಕುರಿ, ಹಂದಿಗಳ ಸಂಕೇತ ಯಾವುದೆಂದು ದಶಕಗಳ ಹಿಂದೆಯೇ ಗೊತ್ತಾಯಿತು, ಕುದುರೆಯದು ಇನ್ನೂ ಕೈಗೆ ಸಿಕ್ಕಿಲ್ಲ. ಗಾಜಿನ ಗೋಲಿಯ ಫಲಿತಾಂಶ ನೋಡಿದವರಿಗೆ ಬರಿಯ ಸ್ಪರ್ಶವೇ ಸಂಕೇತವಿರಬಹುದೇ ಎನಿಸಿತು. ಹಾಗಿದ್ದರೆ ಎಲ್ಲ ಕುದುರೆಗಳೂ ಮೋಸಹೋಗಬೇಕಿತ್ತಲ್ಲ? ಅರ್ಧದಷ್ಟೂ ಹೋಗಲಿಲ್ಲ. 2011ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನ ವಿಲ್ಶರ್ ಮತ್ತು ಅಲೆನ್ ಇನ್ನೂ ವಿಚಿತ್ರವಾದ ಸಂಗತಿ ಪ್ರಕಟಿಸಿದರು. ಹತ್ತನೆಯ ದಿನ ಗರ್ಭಕೋಶಕ್ಕೆ ಒಂದಿಷ್ಟು ತೆಂಗಿನೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಬಿಟ್ಟರೆ ಬಹುಪಾಲು ಕುದುರೆಗಳ ಬೆದೆ ಮುಂದೆ ಹೋಯಿತು! ಒಗ್ಗರಣೆಯ ಎಣ್ಣೆಗೂ ಗರ್ಭದ ಸಂಕೇತಕ್ಕೂ ಎಲ್ಲಿಯ ನಂಟು ಎಂದು ನಗಬಹುದು. ನನಗೇನೋ ಇದು ನಗುವ ವಿಷಯವಲ್ಲ ಅನಿಸುತ್ತದೆ. ಗೋಲಿಗೂ ಎಣ್ಣೆಗೂ ಒಲಿಯುವ ಗರ್ಭಕೋಶ ಒಂದೇ ರಾಸಾಯನಿಕಕ್ಕಾಗಿ ಕಾದು ಕೂತಿಲ್ಲವೇನೋ, ಹಲವು ಸುಳಿವುಗಳನ್ನು ಕೂಡಿಸಿ ಓದುತ್ತಿರಬಹುದು.

ಕವಚವನ್ನು ರಕ್ಷಾಕವಚ ಎಂದಷ್ಟೇ ಕರೆದು ಮುಂದೆ ಹೋದರೆ ಅದಕ್ಕೆ ಅನ್ಯಾಯ ಮಾಡಿದಂತೆ. ಗೋಡೆಯ ಕೆಲಸ ತಡೆಯುವುದು. ಇದು ತಡೆಯುವುದಕ್ಕಿಂತ ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಈ ದಿನಗಳಲ್ಲಿ ಭ್ರೂಣಕ್ಕೆ ತಾಯಿಯ ರಕ್ತದ ಸಂಪರ್ಕವಿಲ್ಲ. ಗರ್ಭಕೋಶದ ಗ್ರಂಥಿಗಳು ಸುರಿಸುವ, ಹಳಬರು ಗರ್ಭದ ಹಾಲು ಎಂದು ಕರೆದ ಸ್ರಾವವೇ ಅದರ ಊಟ. ಆ ಸ್ರಾವದಲ್ಲಿ ಯುಟೆರೊಕ್ಯಾಲಿನ್ ಎಂಬ ಚಿಕ್ಕ ಪ್ರೋಟೀನೊಂದಿದೆ. ಕೊಬ್ಬಿನ ಅಂಶಗಳನ್ನೂ ಎ ವಿಟಮಿನ್ನಿನ ರೂಪವನ್ನೂ ಹೊತ್ತು ತರುವ ಹಮಾಲಿ ಅದು. ಕವಚ ಅದನ್ನು ಹಿಡಿದುಕೊಂಡು ಒಳಕ್ಕೆ ದಾಟಿಸುತ್ತದೆ. ಬೆಳವಣಿಗೆಯ ಹಾರ್ಮೋನುಗಳನ್ನು ಹಿಡಿದಿಡುವ ಪ್ರೋಟೀನುಗಳೂ ಕವಚದಲ್ಲಿ ಸಿಕ್ಕಿವೆ. ಮೂಲೆಮೂಲೆ ಅಲೆಯುವ ಭ್ರೂಣ ಸುದ್ದಿ ಹಂಚುವ ಜೊತೆಗೆ ಊಟವನ್ನೂ ಸಂಗ್ರಹಿಸುತ್ತಿರುತ್ತದೆ, ಮತ್ತು ಸಂಗ್ರಹಿಸಿದ್ದು ಮೊದಲು ಅಂಟುವುದು ಆ ಲೋಳೆಯ ಜಾಲಕ್ಕೇ.

ಹದಿನಾರನೆಯ ದಿನ ಅಲೆದಾಟ ಮುಗಿಯುತ್ತದೆ. ಗರ್ಭಕೋಶ ಬಿಗಿಯಾಗುತ್ತ ಬಂದಿರುತ್ತದೆ, ಭ್ರೂಣ ದೊಡ್ಡದಾಗಿರುತ್ತದೆ, ಒಂದು ಕೊಂಬಿನ ಬುಡದ ತಿರುವಿನಲ್ಲಿ ಅದು ಸಿಕ್ಕಿಕೊಂಡು ನಿಲ್ಲುತ್ತದೆ. ಇದೇ ಹೊತ್ತಿಗೆ ಕವಚದ ರಸಾಯನವೂ ಬದಲಾಗುತ್ತದೆ. 1990ರ ದಶಕದಲ್ಲಿ ಬೆಟರಿಜ್ ತಂಡದ ಒರಿಯೊಲ್ ಮತ್ತಿತರರು ಕಂಡಂತೆ, ಅಂಟದಂತೆ ಕಾಯುತ್ತಿದ್ದ ಆ ಸಿಯಾಲಿಕ್ ಆಮ್ಲದ ತುದಿಗಳು ಬಹುಪಾಲು ಕಳಚಿಹೋಗುತ್ತವೆ. ಜಾರುವ ಗುಣ ಹೋಗಿ ನಿಲ್ಲುವ ಗುಣ ಬರುತ್ತದೆ. ಆಮೇಲೆ ಕವಚ ತೆಳುವಾಗುತ್ತ, ಮುದುಡುತ್ತ, 21ರಿಂದ 23ನೇ ದಿನದೊಳಗೆ ಇಲ್ಲವಾಗುತ್ತದೆ. ಭ್ರೂಣದ ಹೃದಯದ ಬಡಿತ ಸ್ಕ್ಯಾನಿನಲ್ಲಿ ಕಾಣುವುದು ಅದಾದ ಮೇಲೆಯೇ, 25ನೇ ದಿನದ ಸುಮಾರಿಗೆ. ತಾಯಿಯ ಒಳಪದರಕ್ಕೆ ಮಾಸು ಸರಿಯಾಗಿ ಬೇರುಬಿಡಲು 40 ದಿನ ಬೇಕು. ಮನುಷ್ಯ ಭ್ರೂಣ ಹತ್ತು ದಿನದೊಳಗೆ ಮಾಡಿ ಮುಗಿಸುವ ಕೆಲಸ ಇದು. ಈ ಸಡಿಲತನವನ್ನು ಎಡಿನ್‌ಬರೋದ ಪ್ರಾಣಿಶಾಸ್ತ್ರಜ್ಞ ಜೇಮ್ಸ್ ಕೊಸರ್ ಯೂವರ್ಟ್ 1897ರಷ್ಟು ಹಿಂದೆಯೇ ಗುರುತಿಸಿ, ಕುದುರೆಯ ಬೆಳವಣಿಗೆಯಲ್ಲಿ ಇದು ಅಪಾಯದ ಕಾಲ ಎಂದು ಪುಸ್ತಿಕೆಯನ್ನೇ ಬರೆದಿದ್ದರು. ಮಟೊಪೊ ಎಂಬ ಗಂಡು ಜೀಬ್ರಾವನ್ನು ಕುದುರೆಗಳಿಗೆ ಕೂಡಿಸಿ, ಮೊದಲ ಗಂಡಿನ ಗುರುತು ಮುಂದಿನ ಮರಿಗಳ ಮೇಲೂ ಉಳಿಯುತ್ತದೆ ಎಂಬ ಆ ಕಾಲದ ಮೂಢನಂಬಿಕೆಯನ್ನು ಸುಳ್ಳೆಂದು ತೋರಿಸಿದವರೂ ಇವರೇ.

ಕವಚವಿಲ್ಲದಿದ್ದರೆ ಏನಾಗುತ್ತದೆ? ಸ್ಟೌಟ್, ಮೆಡೋಸ್ ಮತ್ತು ಅಲೆನ್ 2005ರಲ್ಲಿ ಅದನ್ನೇ ಪರೀಕ್ಷಿಸಿದರು. ಆರೂವರೆ ದಿನದ ಭ್ರೂಣಗಳಿಂದ ಹೊಸದಾಗಿ ಮೂಡಿದ್ದ ಕವಚವನ್ನು ಸೂಕ್ಷ್ಮ ಉಪಕರಣಗಳಿಂದ ಸುಲಿದು, ಬೇರೆ ಕುದುರೆಗಳ ಗರ್ಭಕೋಶಕ್ಕೆ ಸೇರಿಸಿದರು. ಗಬ್ಬ ನಿಲ್ಲಲಿಲ್ಲ. ಇನ್ನೊಂದು ಸುಳಿವು ಪ್ರಯೋಗಾಲಯದಿಂದ ಬಂತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕುದುರೆ ಭ್ರೂಣ ಕವಚದ ವಸ್ತುವನ್ನು ಸ್ರವಿಸುತ್ತದೆ, ಆದರೆ ಅದು ಒಂದಾಗಿ ಕೂಡಿಕೊಂಡು ಪದರವಾಗುವುದಿಲ್ಲ. ಝೋನಾ ಕೂಡ ಕರಗಿ ಕಳಚುವ ಬದಲು, ಭ್ರೂಣ ಅದರಲ್ಲೊಂದು ತೂತು ಮಾಡಿಕೊಂಡು ಹಸುವಿನ ಭ್ರೂಣದ ಹಾಗೆ ನುಸುಳಿ ಬರುತ್ತದೆ. ನೂಲು ಭ್ರೂಣದ್ದಾದರೂ ನೇಯ್ಗೆಗೆ ತಾಯಿಯ ಮನೆಯೇ ಬೇಕು. ಸರಿಯಾದ ವಯಸ್ಸಿನಲ್ಲಿ ಗರ್ಭಕೋಶಕ್ಕೆ ಸೇರಿಸಿದರೆ ತಟ್ಟೆಯ ಭ್ರೂಣವೂ ಬದುಕುತ್ತದೆ. ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಕ್ಕೆ ಚುಚ್ಚಿ ಮಾಡಿದ ಭ್ರೂಣಗಳಿಂದ ಇಂದು ಎಷ್ಟೋ ಮರಿಗಳು ಹುಟ್ಟುತ್ತಿವೆ.

ಸೂಜಿ ಬೇಕಾದದ್ದಕ್ಕೆ ಕಾರಣ ಮೊದಲ ಹೊದಿಕೆ, ಝೋನಾ. ಪ್ರಯೋಗಾಲಯದಲ್ಲಿ ಕುದುರೆಯ ವೀರ್ಯಾಣು ಅದನ್ನು ಭೇದಿಸಲು ಸುತರಾಂ ಒಪ್ಪುತ್ತಿರಲಿಲ್ಲ. ಫ್ರಾನ್ಸಿನಲ್ಲಿ ಪ್ರನಾಳದಲ್ಲಿ ಗರ್ಭ ಕಟ್ಟಿಸಿದ ಮೊದಲ ಮರಿ ಹುಟ್ಟಿದ್ದು 1990ರ ಸುಮಾರಿಗೆ. ಆಮೇಲೆ ಮೂವತ್ತು ವರ್ಷ ಅದನ್ನು ನಂಬಿಕೆಯಿಂದ ಮತ್ತೆ ಮಾಡಲು ಆಗಲಿಲ್ಲ. 2022ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಫೆಲಿಕ್ಸ್, ಹಿನ್ರಿಕ್ಸ್ ತಂಡ ವೀರ್ಯಾಣುಗಳನ್ನು ಸುಮಾರು 22 ಗಂಟೆ ತಕ್ಕ ದ್ರಾವಣದಲ್ಲಿ ಇಟ್ಟು, ಆಮೇಲೆ ಅಂಡಾಣುವಿನ ಜೊತೆ ಬಿಟ್ಟಾಗ ಕೆಲಸ ಕೂಡಿಬಂತು. ಕುದುರೆಗೆ ಬೇಕಿದ್ದದ್ದು ಇನ್ನಷ್ಟು ಸಮಯ.

ಇನ್ನು ಮನುಷ್ಯರ ಅವಸರದ ಕಥೆ. ಒಳ್ಳೆಯ ತಳಿಯ ಹೆಣ್ಣುಕುದುರೆ 11 ತಿಂಗಳು ಗಬ್ಬ ಹೊತ್ತು ವರ್ಷಕ್ಕೆ ಒಂದೇ ಮರಿ ಈಯುತ್ತದೆ. ಅದರ ಭ್ರೂಣವನ್ನು ತೆಗೆದು ಬಾಡಿಗೆ ತಾಯಿಗೆ ಕೊಟ್ಟರೆ ಅದು ಪೋಲೊ ಆಡುತ್ತಲೇ ಹಲವು ಮರಿಗಳ ತಾಯಿಯಾಗಬಹುದು. 1970ರ ದಶಕದ ಆರಂಭದಲ್ಲಿ ಜಪಾನಿನ ಓಗುರಿ ಮತ್ತು ತ್ಸುತ್ಸುಮಿ ಶಸ್ತ್ರಚಿಕಿತ್ಸೆಯಿಲ್ಲದೆ ಗರ್ಭಕೋಶ ತೊಳೆದು ಭ್ರೂಣ ಪಡೆಯುವ ವಿಧಾನ ತೋರಿಸಿದರು. ಕೇಂಬ್ರಿಜ್‌ನಲ್ಲಿದ್ದ ಡಬ್ಲ್ಯೂ. ಆರ್. ಅಲೆನ್ (ಎಲ್ಲರ ಬಾಯಲ್ಲೂ ‘ಟ್ವಿಂಕ್’ ಅಲೆನ್, ರೇಸ್ ಬಲ್ಲವರಿಗೆ ಜಾಕಿ ಫ್ರ್ಯಾಂಕಿ ಡೆಟ್ಟೋರಿಯ ಮಾವ) ಇನ್ನೊಂದು ಹೆಜ್ಜೆ ಮುಂದೆ ಹೋದರು. ಕುದುರೆ ಭ್ರೂಣಗಳನ್ನು ಮೊಲದ ಅಂಡನಾಳದೊಳಗಿಟ್ಟು, ಆ ಮೊಲವನ್ನು ಪೋಲೆಂಡಿನ ಕ್ರಾಕೋವ್‌ಗೆ ಕಳಿಸಿಕೊಟ್ಟರು! ಅಲ್ಲಿನ ಕುದುರೆಗಳಿಗೆ ಅವನ್ನು ವರ್ಗಾಯಿಸಿದಾಗ ಗಬ್ಬ ನಿಂತಿತು. 1976ರಲ್ಲಿ ಈ ವರದಿ ಪ್ರಕಟವಾಯಿತು. ಮೊಲದ ಮೈಯ ಬಿಸುಪೇ ಆಗ ಸಿಗುತ್ತಿದ್ದ ಒಳ್ಳೆಯ ಇನ್‌ಕ್ಯುಬೇಟರ್.

ಮೊಲವನ್ನು ಬಿಟ್ಟು ಭ್ರೂಣವನ್ನು ಶೀತಲೀಕರಿಸಿ ಇಡೋಣ ಎಂದಾಗ ಕವಚ ಅಡ್ಡ ನಿಂತಿತು. ಭ್ರೂಣವನ್ನು ಹೆಪ್ಪುಗಟ್ಟಿಸುವಾಗ ಕೋಶದೊಳಗಿನ ನೀರು ಹರಳಾಗಿ ಚುಚ್ಚದಂತೆ ಕಾಯುವ ದ್ರಾವಣ ಒಳಹೋಗಬೇಕು. ಸಣ್ಣ ಭ್ರೂಣಕ್ಕೆ ಅದು ಹೋಗುತ್ತದೆ, 1982ರಲ್ಲಿ ಜಪಾನಿನಲ್ಲಿ ಹೆಪ್ಪುಗಟ್ಟಿಸಿದ ಭ್ರೂಣದಿಂದ ಮೊದಲ ಮರಿಯೂ ಹುಟ್ಟಿತು. ಆದರೆ 0.3 ಮಿಲಿಮೀಟರ್ ದಾಟಿ, ಕವಚ ತೊಟ್ಟು, ಒಳಗೆ ದ್ರವ ತುಂಬಿಕೊಂಡ ಭ್ರೂಣಕ್ಕೆ ದ್ರಾವಣ ಸರಿಯಾಗಿ ಇಳಿಯುವುದಿಲ್ಲ. ಆರನೆಯ ದಿನ ತೊಳೆದರೆ ಭ್ರೂಣ ಇನ್ನೂ ಅಂಡನಾಳದಲ್ಲಿರಬಹುದು. ಎಂಟನೆಯ ದಿನ ತೊಳೆದರೆ ಸುಲಭವಾಗಿ ಸಿಗುತ್ತದೆ, ಹೆಪ್ಪುಗಟ್ಟಿಸಲು ದೊಡ್ಡದಾಗಿರುತ್ತದೆ. ನಡುವಿನ ಕೆಲವೇ ಗಂಟೆಗಳಿಗಾಗಿ ತಳಿಗಾರರು ದಶಕಗಳ ಕಾಲ ಪರದಾಡಿದರು. ಭ್ರೂಣ ಬೇಗ ಇಳಿಯಲೆಂದು ಅಂಡನಾಳದ ಮೇಲೆ ಅದೇ ಪ್ರೊಸ್ಟಗ್ಲಾಂಡಿನ್ ಇ2ವನ್ನು ಲೇಪಿಸಿ ನೋಡಿದ್ದೂ ಉಂಟು. 2011ರಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಚೋಯ್, ಹಿನ್ರಿಕ್ಸ್ ಮತ್ತಿತರರು ಬೇರೆಯೇ ದಾರಿ ಹಿಡಿದರು. ಕವಚವನ್ನು ಸುಲಿಯಲಿಲ್ಲ, ಬಹಳ ಸಣ್ಣ ಸೂಜಿಯಿಂದ ತೂತು ಮಾಡಿ ಒಳಗಿನ ದ್ರವವನ್ನು ಹೀರಿ, ಭ್ರೂಣವನ್ನು ಕುಗ್ಗಿಸಿ, ಆಮೇಲೆ ಶೀತಲೀಕರಿಸಿದರು. ಅವು ಬದುಕಿದವು. ಸುಲಿದರೆ ಸಾವು, ತೂತಾದರೆ ಬದುಕು. ಕವಚದ ತಾಳಿಕೆ ಎಷ್ಟರ ತನಕ ಎಂಬುದನ್ನು ಈ ಎರಡು ಪ್ರಯೋಗಗಳನ್ನು ಜೊತೆಗಿಟ್ಟೇ ಓದಬೇಕು.

ನಮ್ಮ ದೇಶದಲ್ಲಿ ಭ್ರೂಣ ವರ್ಗಾವಣೆಯ ಕೆಲಸ ರಾಜಸ್ಥಾನದ ಬಿಕಾನೇರ್‌ನಲ್ಲಿ ನಡೆಯುತ್ತಿದೆ. ಹಿಸಾರ್‌ನಲ್ಲಿ ಮುಖ್ಯ ಕಚೇರಿಯಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಪ್ರಾದೇಶಿಕ ಆವರಣ ಅಲ್ಲಿದೆ. 2023ರ ಮೇ ತಿಂಗಳಲ್ಲಿ ಅಲ್ಲಿ ಮಾರ್ವಾಡಿ ತಳಿಯ ಭ್ರೂಣವೊಂದು ಬಾಡಿಗೆ ತಾಯಿಯ ಹೊಟ್ಟೆಯಲ್ಲಿ ಬೆಳೆದು 23 ಕಿಲೋ ತೂಕದ ಹೆಣ್ಣುಮರಿಯಾಗಿ ಹುಟ್ಟಿತು. ಹೆಸರು ರಾಜ್ ಪ್ರಥಮಾ. ಅದೇ ವರ್ಷದ ಅಕ್ಟೋಬರಿನಲ್ಲಿ ಶೀತಲೀಕರಿಸಿಟ್ಟ ಭ್ರೂಣದಿಂದ ರಾಜ್ ಶೀತಲ್ ಹುಟ್ಟಿತು. ಭ್ರೂಣಗಳನ್ನು ತೆಗೆದದ್ದು ಏಳೂವರೆ ದಿನಕ್ಕೆ, ಅಂದರೆ ಕವಚ ಮೂಡಿದ ಹೊಸತರಲ್ಲಿ.

ಕರ್ನಾಟಕದ ಕುದುರೆ ಲೋಕಕ್ಕೆ ಬಂದರೆ ಚಿತ್ರ ಬೇರೆ. ಟಿಪ್ಪುವಿನ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಕುಣಿಗಲ್‌ನಲ್ಲಿ ಮುಂದೆ ಬೆಳೆದದ್ದು ರೇಸಿನ ಥರೋಬ್ರೆಡ್ ತಳಿ. ಆ ತಳಿಯ ವಂಶಾವಳಿಗೆ ಜಗತ್ತಿನಾದ್ಯಂತ ಒಂದೇ ನಿಯಮ: ಗಂಡುಹೆಣ್ಣು ಸಹಜವಾಗಿ ಕೂಡಿ, ಗಬ್ಬ ಕಟ್ಟಿದ ತಾಯಿಯ ಹೊಟ್ಟೆಯಲ್ಲೇ ಬೆಳೆದು ಹುಟ್ಟಿದ ಮರಿಗೆ ಮಾತ್ರ ದಾಖಲೆ. ಕೃತಕ ಗರ್ಭಧಾರಣೆ, ಭ್ರೂಣ ವರ್ಗಾವಣೆ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಹಾಗಾಗಿ ಥರೋಬ್ರೆಡ್ ಸಾಕುವವರಿಗೆ ಈ ಕವಚದ ಪರಿಚಯ ಆಗುವುದು ಒಂದೇ ಒಂದು ಸಂದರ್ಭದಲ್ಲಿ, ಅವಳಿಯಾದಾಗ. ಥರೋಬ್ರೆಡ್ ಹೆಣ್ಣುಗಳು ಒಂದೇ ಬೆದೆಯಲ್ಲಿ ಎರಡು ಅಂಡಾಣು ಬಿಡುವುದು ಅಪರೂಪವಲ್ಲ. ಕುದುರೆಗೆ ಎರಡು ಮರಿ ಹೊರುವ ಜಾಗ ಇಲ್ಲ. ಎರಡೂ ಉಳಿದರೆ ಕೊನೆಗೆ ಎರಡೂ ಕಂದುವುದೇ ಹೆಚ್ಚು, ಬದುಕಿದರೂ ಬಡಕಲು. ಸ್ಕ್ಯಾನಿಂಗ್ ಬರುವ ಮೊದಲು ಥರೋಬ್ರೆಡ್‌ಗಳ ಗರ್ಭಪಾತಕ್ಕೆ ಅವಳಿ ಬಹಳ ದೊಡ್ಡ ಕಾರಣವಾಗಿತ್ತು. ಈಗ ವೈದ್ಯರು ಗುದದ ಮೂಲಕ ಕೈ ಇಟ್ಟು, ಎರಡರಲ್ಲಿ ಒಂದು ಗುಳ್ಳೆಯನ್ನು ಗರ್ಭಕೋಶದ ತುದಿಗೆ ನಯವಾಗಿ ದೂಡಿ, ಒತ್ತಿ ಒಡೆಯುತ್ತಾರೆ. ಕವಚ ಪಟ್ಟೆಂದು ಬಿರಿಯುವುದು ಬೆರಳಿಗೆ ತಿಳಿಯುತ್ತದೆ. ಉಳಿದ ಭ್ರೂಣ ಬಹುಪಾಲು ಏನೂ ಆಗದಂತೆ ಬೆಳೆಯುತ್ತದೆ.

ಇದು ಸಾಧ್ಯವಾಗುವುದು ಭ್ರೂಣಗಳು ಇನ್ನೂ ಅಲೆಯುತ್ತಿರುವಾಗ. ಹದಿನಾರು ದಾಟಿ ಎರಡೂ ಒಂದೇ ಕೊಂಬಿನ ಬುಡದಲ್ಲಿ ಅಂಟಿ ಕೂತರೆ ಒಂದನ್ನು ಒಡೆಯಲು ಹೋಗಿ ಇನ್ನೊಂದನ್ನೂ ಕಳೆದುಕೊಳ್ಳುವ ಭಯ. ಆದ್ದರಿಂದ ಕುದುರೆ ಸಾಕುವವರಿಗೆ, ಅದು ರೇಸಿನದಿರಲಿ, ಟಾಂಗಾದ್ದಿರಲಿ, ಒಂದು ಮಾತು. ಅಂಡಾಣು ಬಿಟ್ಟ ದಿನ ಗುರುತು ಹಾಕಿಟ್ಟುಕೊಂಡು 14ನೇ ದಿನವೇ ಸ್ಕ್ಯಾನ್ ಮಾಡಿಸಿ. ಒಂದು ಗುಳ್ಳೆ ಕಂಡಿತೆಂದು ಅಲ್ಲಿಗೆ ಬಿಡದೆ, ಎರಡು ಕೊಂಬುಗಳನ್ನೂ ತುದಿಯವರೆಗೆ, ಒಡಲನ್ನು ಕೊನೆಯವರೆಗೆ ನೋಡುವಂತೆ ವೈದ್ಯರನ್ನು ಕೇಳಿಕೊಳ್ಳಿ. ಇನ್ನೊಂದು ಆ ಕ್ಷಣ ಮೂಲೆಯಲ್ಲೆಲ್ಲೋ ಇರಬಹುದು.